ಗಣಕಯಂತ್ರದ ಪಾಠದಲ್ಲಿ ಮೊದಲು ಕಲಿಸತಕ್ಕದ್ದು ಯಾವುದು?

ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಶಾಲೆಯ ಏಳಿಗೆಯನ್ನೂ ಪರೀಕ್ಷೆಯ ಫಲಿತಾಂಶಗಳನ್ನೂ ಕುರಿತು ಬರೆಯುವುದು ವಾಡಿಕೆ. ಅವು ಬೇರೆ ಪುಟಗಳಲ್ಲಿ ಬಂದಿರುವುದರಿಂದ, ಕೆಲವು ಕಾಲದಿಂದ ನಮ್ಮ ಮನಸ್ಸನ್ನು ಕೊರೆಯುತ್ತಿರುವ ಒಂದು ಸಣ್ಣ ವಿಷಯವನ್ನು ತಮ್ಮ ಮುಂದಿಡಲು ಅಪೇಕ್ಷಿಸುತ್ತೇವೆ. ವಿಷಯವು ಸಣ್ಣದಾದರೂ ಅದರಿಂದ ಒಬ್ಬ ಹುಡುಗಿಯ ಓದಿನ ದಾರಿಯೇ ಬದಲಾದುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಯಾವುದೋ ಒಂದು ಪ್ರಮಾಣಪತ್ರಕ್ಕಾಗಿ ಶಾಲೆಗೆ ಬಂದಳು. ಗಣಿತದಲ್ಲಿ ತರಗತಿಗೇ ಮುಂದಾಗಿದ್ದವಳು. ಕಾಲೇಜಿನಲ್ಲಿ ಗಣಕವಿಜ್ಞಾನವನ್ನು ತಾನಾಗಿ ಬಯಸಿ ಆರಿಸಿಕೊಂಡಿದ್ದವಳು. ಈಗ ಆ ವಿಷಯವನ್ನು ಬಿಟ್ಟು ವಾಣಿಜ್ಯಕ್ಕೆ ಸೇರುವುದಾಗಿ ಹೇಳಿದಳು. ಕಾರಣವನ್ನು ಕೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, "ಟೀಚರ್, ಅದು ನನ್ನಂಥವಳಿಗಲ್ಲ" ಎಂದಳು.

ನಡೆದುದಿಷ್ಟು. ಪ್ರಯೋಗಶಾಲೆಯ ಮೊದಲನೆಯ ದಿನ ಕೋಡ್ ಎಡಿಟರನ್ನು ತೆರೆದು ಒಂದು ಚಿಕ್ಕ ಪ್ರೋಗ್ರಾಮನ್ನು ಬರೆಯಲು ಹೇಳಿದ್ದರು. ಇವಳ ಬೆರಳು ತಪ್ಪಿ ಯಾವುದೋ ಕೀಲಿಯ ಮೇಲೆ ಬಿದ್ದಿತು. ಪರದೆಯ ಎಡಗಡೆಯಲ್ಲಿದ್ದ ಫೈಲುಗಳ ಪಟ್ಟಿಯೆಲ್ಲ ಒಮ್ಮೆಲೆ ಮಾಯವಾಯಿತು. ಎಲ್ಲವನ್ನೂ ಅಳಿಸಿಬಿಟ್ಟೆನೆಂದು ಅವಳು ತಿಳಿದಳು. ಕೇಳಲು ನಾಚಿಕೆ. ಕಡೆಗೆ ಕೇಳಿದಾಗ ಅಲ್ಲಿ ಕಲಿಸುತ್ತಿದ್ದವರು, "ನಿಮ್ಮ ಶಾಲೆಯಲ್ಲಿ ಇಷ್ಟನ್ನೂ ಹೇಳಿಕೊಡಲಿಲ್ಲವೆ?" ಎಂದು ನಕ್ಕರಂತೆ. ಮುಂದಿನ ವಾರಗಳಲ್ಲಿಯೂ ಪರದೆಯ ಮೇಲೆ ಏನೋ ಒಂದು ಅಡಗುವುದು, ಏನೋ ಒಂದು ತೆರೆದುಕೊಳ್ಳುವುದು. ಇವಳು ಕೈಕಟ್ಟಿ ಕೂರುವುದು. ಎರಡು ತಿಂಗಳಲ್ಲಿ ತನಗೆ ಆ ವಿದ್ಯೆಗೆ ಬೇಕಾದ ಬುದ್ಧಿಯಿಲ್ಲವೆಂದು ನಿಶ್ಚಯಿಸಿಕೊಂಡಳು.

ಅವಳನ್ನು ನಮ್ಮ ಶಾಲೆಯ ಯಂತ್ರದ ಮುಂದೆಯೇ ಕೂರಿಸಿ, ಏನು ಮಾಡಿದೆಯೆಂದು ತೋರಿಸಲು ಹೇಳಿದೆವು. ಕಂಟ್ರೋಲ್ ಕೀಲಿಯೊಡನೆ ಬಿ ಅಕ್ಷರವನ್ನು ಒತ್ತಿದ್ದಳು. ಅದನ್ನೇ ಮತ್ತೊಮ್ಮೆ ಒತ್ತಿಸಿದೆವು. ಪಟ್ಟಿಯು ಇದ್ದಂತೆಯೇ ಮರಳಿ ಬಂದಿತು. ಒಂದು ಫೈಲೂ ಹೋಗಿರಲಿಲ್ಲ. ಅವಳು ಪರದೆಯನ್ನೇ ನೋಡುತ್ತ, "ಇಷ್ಟೇನಾ ಟೀಚರ್?" ಎಂದಳು. ವಿಷಯ ಬದಲಾವಣೆಯ ಅರ್ಜಿಯು ಆಗಲೇ ಕಾಲೇಜಿಗೆ ಸೇರಿತ್ತು.

ಆ ಕಾಲೇಜಿನವರ ನಗೆಯು ನಮಗೆ ನೋವನ್ನುಂಟುಮಾಡಿತು. ಆದರೆ ಅವರ ಪ್ರಶ್ನೆಗೆ ನಾವು ಕೊಡಬಹುದಾಗಿದ್ದ ಉತ್ತರವು, ಹೌದು, ಹೇಳಿಕೊಟ್ಟಿರಲಿಲ್ಲ ಎಂಬುದೇ. ನಮ್ಮಲ್ಲಿ ಪ್ರೋಗ್ರಾಮುಗಳನ್ನು ಕರಿಹಲಗೆಯ ಮೇಲೆ ಬರೆಯುತ್ತಿದ್ದೆವು. ಹುಡುಗಿಯರು ನೋಟುಪುಸ್ತಕದಲ್ಲಿ ಅಂದವಾಗಿ ನಕಲು ಮಾಡಿಕೊಂಡು, ಬಾಯಿಪಾಠ ಮಾಡಿ, ಪೂರ್ಣ ಅಂಕಗಳನ್ನು ಪಡೆಯುತ್ತಿದ್ದರು. ಆ ಪ್ರೋಗ್ರಾಮನ್ನು ಬರೆಯುವ ಸ್ಥಳವು ಯಾವುದು, ಅಲ್ಲಿ ಯಾವ ವಸ್ತು ಎಲ್ಲಿದೆ ಎಂಬುದಕ್ಕೆ ಒಂದು ಗಂಟೆಯನ್ನಾದರೂ ಕೊಟ್ಟಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯುಂಟಷ್ಟೆ. ನಮ್ಮ ಹುಡುಗಿಯರಾದರೋ ನೆಲವೇ ಡೊಂಕಾಗಿರುವಲ್ಲಿಯೂ ತಮಗೆ ಕುಣಿಯಲು ಬಾರದೆಂದು ತಮ್ಮನ್ನೇ ದೂರಿಕೊಳ್ಳುವರು. ಆದುದರಿಂದ ಈ ತಪ್ಪು ಗಂಡುಮಕ್ಕಳ ಶಾಲೆಗಿಂತ ನಮ್ಮಂಥ ಶಾಲೆಯಲ್ಲಿ ಹೆಚ್ಚು ಹಾನಿಕರವೆಂದು ನಾವು ಭಾವಿಸುತ್ತೇವೆ.

ಈ ಅನುಭವವು ನಮಗೂ ಹೊಸದಾಗಿರಲಿಲ್ಲ. ನಾವು ಕಾಲೇಜಿನಲ್ಲಿದ್ದಾಗ ಪ್ರೋಗ್ರಾಮುಗಳನ್ನು ಟರ್ಬೋ ಸಿ ಎಂಬ ನೀಲಿ ಪರದೆಯ ಎಡಿಟರಿನಲ್ಲಿ ಬರೆಯುತ್ತಿದ್ದೆವು. ಕಂಟ್ರೋಲ್ ಮತ್ತು ಎಫ್ 9 ಕೀಲಿಗಳನ್ನು ಒತ್ತಿದರೆ ಪ್ರೋಗ್ರಾಮು ನಡೆಯುವುದೆಂದು ಹೇಳಿದ್ದರು. ಒತ್ತಿದೊಡನೆ ಪರದೆಯು ಒಂದು ಕ್ಷಣ ಮಿಂಚಿದಂತಾಗಿ ಮತ್ತೆ ನೀಲಿಯಾಗುತ್ತಿತ್ತು. ಉತ್ತರ ಮಾತ್ರ ಕಾಣುತ್ತಿರಲಿಲ್ಲ. ನಮ್ಮ ಪ್ರೋಗ್ರಾಮಿನಲ್ಲಿಯೇ ದೋಷವಿದೆಯೆಂದು ಎಷ್ಟೋ ದಿನ ಅದನ್ನು ತಿದ್ದಿ ತಿದ್ದಿ ಬರೆದೆವು. ಉತ್ತರವು ಬೇರೊಂದು ಪರದೆಯ ಮೇಲೆ ಮೂಡುವುದೆಂದೂ, ಆಲ್ಟ್ ಮತ್ತು ಎಫ್ 5 ಒತ್ತಿದರೆ ಆ ಪರದೆಯು ಕಾಣುವುದೆಂದೂ ಗೆಳತಿಯೊಬ್ಬಳಿಂದ ತಿಳಿಯಿತು. ನೋಡಿದರೆ, ನಮ್ಮ ಪ್ರೋಗ್ರಾಮು ಮೊದಲನೆಯ ದಿನದಿಂದಲೂ ಸರಿಯಾಗಿಯೇ ಇತ್ತು! ಇಷ್ಟನ್ನು ಅನುಭವಿಸಿಯೂ, ನಾವು ಉಪಾಧ್ಯಾಯಿನಿಯಾದ ಮೇಲೆ ಅದೇ ತಪ್ಪನ್ನು ಮಾಡಿದೆವೆಂಬುದು ನಾಚಿಕೆಯ ಸಂಗತಿ.

ಕೋಡ್ ಎಡಿಟರ್ ಎಂದರೇನೆಂದು ಕೇಳುವ ತಾಯ್ತಂದೆಗಳಿಗಾಗಿ ಎರಡು ಮಾತು ಹೇಳಬೇಕಾಗಿದೆ. ಗಣಕಯಂತ್ರಕ್ಕೆ ಕೊಡುವ ಆಜ್ಞೆಗಳ ಸಾಲುಗಳಿಗೆ ಕೋಡ್ ಎಂದು ಹೆಸರು. ಅವನ್ನು ಬರೆದು, ತಿದ್ದಿ, ನಡೆಸಿ ನೋಡುವ ಸ್ಥಳವೇ ಎಡಿಟರ್. ಮೈಕ್ರೋಸಾಫ್ಟ್ ಕಂಪನಿಯವರು 2015ರಲ್ಲಿ ಹೊರತಂದ ವಿಷುಯಲ್ ಸ್ಟುಡಿಯೋ ಕೋಡ್ ಎಂಬುದು ಇಂದು ಬಹಳ ಬಳಕೆಯಲ್ಲಿರುವುದು. ಅದಕ್ಕೆ ಹಣ ಕೊಡಬೇಕಾಗಿಲ್ಲ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲಿಯೂ ನಡೆಯುವುದು. ಹೊಸಬರಿಗೆ ಅದು ಗುರುತಿಲ್ಲದ ಗುಂಡಿಗಳ ಸಂತೆಯಂತೆ ತೋರುವುದಾದರೂ, ವಿಚಾರಿಸಿ ನೋಡಿದರೆ ಐದು ಭಾಗಗಳ ಒಂದು ಮನೆಯಷ್ಟೆ.

ಎಡಗಡೆಯ ಅಂಚಿನಲ್ಲಿ ನಿಂತಿರುವ ಚಿತ್ರಗಳ ಕಿರಿದಾದ ಪಟ್ಟಿಯು ಆಕ್ಟಿವಿಟಿ ಬಾರ್. ಫೈಲುಗಳನ್ನು ನೋಡುವುದು, ಮಾತೊಂದನ್ನು ಹುಡುಕುವುದು, ಹೊಸ ಉಪಕರಣಗಳನ್ನು ಸೇರಿಸುವುದು ಮುಂತಾದ ಕೆಲಸಗಳಿಗೆ ಅಲ್ಲಿ ಒಂದೊಂದು ಗುಂಡಿ. ಒಂದನ್ನು ಒತ್ತಿದರೆ ಪಕ್ಕದಲ್ಲಿ ತೆರೆದುಕೊಳ್ಳುವ ಭಾಗವು ಸೈಡ್ ಬಾರ್. ನಮ್ಮ ಹುಡುಗಿಯ ಪಾಲಿಗೆ ಮಾಯವಾದದ್ದು ಇದೇ. ನಡುವಿನ ವಿಶಾಲವಾದ ಜಾಗವು ಬರೆಯುವ ಸ್ಥಳ. ಅದರ ಕೆಳಗೆ ಬೇಕೆಂದಾಗ ಏಳುವ ಪ್ಯಾನೆಲ್. ಪ್ರೋಗ್ರಾಮಿನ ಉತ್ತರವು ಮೂಡುವ ಟರ್ಮಿನಲ್ಲೂ ದೋಷಗಳ ಪಟ್ಟಿಯೂ ಅಲ್ಲಿರುವುವು. ಎಲ್ಲಕ್ಕಿಂತ ಕೆಳಗೆ ಸ್ಟೇಟಸ್ ಬಾರ್ ಎಂಬ ಒಂದು ತೆಳುವಾದ ಗೆರೆ. ತಾನೀಗ ಎಷ್ಟನೆಯ ಸಾಲಿನಲ್ಲಿ ಎಷ್ಟನೆಯ ಅಕ್ಷರದ ಬಳಿ ಇದ್ದೇನೆ, ದೋಷಗಳು ಎಷ್ಟು, ಎಂಬುದನ್ನೆಲ್ಲ ಅದು ಸದ್ದಿಲ್ಲದೆ ಹೇಳುತ್ತಿರುವುದು. ಫೈಲಿನ ಹೆಸರಿನ ಪಕ್ಕದಲ್ಲಿ ಒಂದು ಚುಕ್ಕೆ ಕಂಡರೆ, ಬರೆದುದನ್ನು ಇನ್ನೂ ಉಳಿಸಿಲ್ಲವೆಂದು ಅರ್ಥ. ಯಾವುದಾದರೂ ಗುಂಡಿಯ ಹೆಸರು ತಿಳಿಯದಿದ್ದರೆ ಮೌಸಿನ ಬಾಣವನ್ನು ಅದರ ಮೇಲೆ ಒತ್ತದೆ ನಿಲ್ಲಿಸಿದರಾಯಿತು. ಹೆಸರು ತಾನೇ ಮೂಡುವುದು. ಏನೂ ನೆನಪಿಗೆ ಬಾರದಿದ್ದಾಗ ಕಂಟ್ರೋಲ್, ಶಿಫ್ಟ್, ಪಿ ಈ ಮೂರನ್ನೂ ಕೂಡಿಸಿ ಒತ್ತಿದರೆ ಮೇಲ್ಗಡೆ ಒಂದು ಪೆಟ್ಟಿಗೆಯು ತೆರೆಯುವುದು. ಅದರಲ್ಲಿ ಬೇಕಾದ ಕೆಲಸದ ಹೆಸರನ್ನು ಸ್ವಲ್ಪ ಬರೆದರೂ ಸಾಕು, ಆಜ್ಞೆಗಳು ಸಾಲಾಗಿ ಬಂದು ನಿಲ್ಲುವುವು. ಹೊಸ ಊರಿನಲ್ಲಿ ದಾರಿ ಕೇಳಲು ಒಬ್ಬರು ಸಿಕ್ಕಿದಂತೆ ಇದು.

ಇವುಗಳಲ್ಲೆಲ್ಲ ನಮ್ಮ ಹುಡುಗಿಯರಿಗೆ ಅತ್ಯಂತ ಕಷ್ಟವಾದುದು ವರ್ಕ್‌ಸ್ಪೇಸ್ ಎಂಬ ಕಲ್ಪನೆ. ಇದರ ಕಾರಣವು ನಮಗೆ ಬಹಳ ತಡವಾಗಿ ಹೊಳೆಯಿತು. ಈಗಿನ ಮಕ್ಕಳು ಫೋನಿನಲ್ಲಿ ನಮಗಿಂತ ಚುರುಕು. ಆದರೆ ಫೋನಿನಲ್ಲಿ ಚಿತ್ರವು ಚಿತ್ರಗಳ ಆ್ಯಪಿನಲ್ಲಿಯೂ ಹಾಡು ಹಾಡಿನ ಆ್ಯಪಿನಲ್ಲಿಯೂ ಕಾಣುವುದಲ್ಲದೆ, ಅವು ನಿಜವಾಗಿ ಯಾವ ಫೋಲ್ಡರಿನಲ್ಲಿವೆಯೆಂದು ನೋಡುವ ಪ್ರಸಂಗವೇ ಬರುವುದಿಲ್ಲ. ಎಡಿಟರಿನಲ್ಲಾದರೋ ಒಂದು ಫೋಲ್ಡರನ್ನು ತೆರೆದುಕೊಂಡು ಅದರೊಳಗೆ ಕುಳಿತು ಕೆಲಸ ಮಾಡಬೇಕು. ಹಾಗೆ ತೆರೆದ ಫೋಲ್ಡರೇ ಅಂದಿನ ವರ್ಕ್‌ಸ್ಪೇಸ್. ನಮ್ಮ ಒಬ್ಬ ಹುಡುಗಿಯು ತರಗತಿಯ ಅಂಕಗಳ ಫೈಲನ್ನು ಓದಿ ಸರಾಸರಿಯನ್ನು ತೆಗೆಯುವ ಪ್ರೋಗ್ರಾಮನ್ನು ಪೈಥಾನ್ ಭಾಷೆಯಲ್ಲಿ ತಪ್ಪಿಲ್ಲದೆ ಬರೆದಿದ್ದಳು. ಫೈಲು ಸಿಗಲಿಲ್ಲವೆಂಬ ದೋಷವೇ ಮತ್ತೆ ಮತ್ತೆ ಬರುತ್ತಿತ್ತು. ಅಂಕಗಳ ಫೈಲು ಪ್ರೋಗ್ರಾಮಿನ ಪಕ್ಕದಲ್ಲಿಯೇ ಇತ್ತು. ಆದರೆ ಅವಳು ತೆರೆದಿದ್ದುದು ಅದರ ಹೊರಗಿನ ದೊಡ್ಡ ಫೋಲ್ಡರನ್ನು. ಟರ್ಮಿನಲ್ ಆ ಹೊರಗಿನ ಫೋಲ್ಡರಿನಲ್ಲಿ ನಿಂತು ಹುಡುಕುತ್ತಿತ್ತು. ಉಪ್ಪಿನ ಮರಿಗೆಯು ಅಡಿಗೆಮನೆಯಲ್ಲಿರುವಾಗ ಜಗಲಿಯಲ್ಲಿ ನಿಂತು ಉಪ್ಪಿಲ್ಲವೆಂದಂತೆ. ಸರಿಯಾದ ಫೋಲ್ಡರನ್ನು ತೆರೆದೊಡನೆ, ಒಂದಕ್ಷರವನ್ನೂ ಬದಲಾಯಿಸದೆ, ಪ್ರೋಗ್ರಾಮು ನಡೆಯಿತು. ಇದನ್ನು ಅರಿಯದವಳು ತನ್ನ ಸರಿಯಾದ ಬರೆಹವನ್ನೇ ಕೆಡಿಸಿಕೊಳ್ಳುತ್ತಿದ್ದಳಲ್ಲವೆ?

ಹೀಗೆ ಮೊದಲು ಸ್ಥಳಪರಿಚಯ, ಆಮೇಲೆ ಕೆಲಸ ಎಂಬ ಕ್ರಮವು ಹೊಸದೇನೂ ಅಲ್ಲ. ಕನ್ನಡ ನಾಡಿನಲ್ಲಿ ಮೊಳೆ ಜೋಡಿಸಿ ಅಚ್ಚುಹಾಕುತ್ತಿದ್ದ ಕಾಲದಲ್ಲಿ, ಯಾವ ಅಚ್ಚುಕೂಟದಲ್ಲಿಯೇ ಆಗಲಿ, ಹೊಸಬನು ಮೊದಲು ಕಲಿಯಬೇಕಾಗಿದ್ದುದು ಯಾವ ಅಕ್ಷರವು ಪೆಟ್ಟಿಗೆಯ ಯಾವ ಮನೆಯಲ್ಲಿದೆ ಎಂಬುದನ್ನು. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ಆ ಮನೆಗಳೂ ಬಹಳ. ಕೈಯು ಅವನ್ನು ತಾನಾಗಿ ಹುಡುಕುವಂತಾದ ಮೇಲೆಯೇ ಕಣ್ಣು ಪಾಠದ ಮೇಲೆ ನಿಲ್ಲುವುದು ಶಕ್ಯವಾಗುತ್ತಿತ್ತು.

ಗಣಕಯಂತ್ರದ ಚರಿತ್ರೆಯಲ್ಲಿಯೇ ಇದಕ್ಕೊಂದು ಉತ್ತಮ ನಿದರ್ಶನವಿದೆ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದವರು ಎನಿಯಾಕ್ ಎಂಬ ದೊಡ್ಡ ಯಂತ್ರವನ್ನು ನಿರ್ಮಿಸಿದರು. ಅದರಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳೂ 40 ಫಲಕಗಳೂ ಇದ್ದುವು. ಅದಕ್ಕೆ ಪ್ರೋಗ್ರಾಮನ್ನು ರಚಿಸಲು 1945ರಲ್ಲಿ ಆರು ಮಂದಿ ಯುವತಿಯರನ್ನು ಆರಿಸಿದರು. ಅವರ ಕೈಗೆ ಪಠ್ಯಪುಸ್ತಕವಿರಲಿಲ್ಲ. ಮೊದಮೊದಲು ಯಂತ್ರವಿದ್ದ ಕೋಣೆಗೆ ಪ್ರವೇಶವೂ ಇರಲಿಲ್ಲ. ಯಂತ್ರದ ನಕ್ಷೆಗಳನ್ನು ಹರಡಿಕೊಂಡು ಯಾವ ಫಲಕವು ಏನು ಮಾಡುವುದೆಂದು ತಾವೇ ಬಿಡಿಸಿ ತಿಳಿದರು. ಹೀಗೆ ಯಂತ್ರವನ್ನು ಮೂಲೆಮೂಲೆಯಲ್ಲಿಯೂ ಅರಿತುದರಿಂದ, ಮುಂದೆ ಅದು ಕೆಟ್ಟಾಗ ಯಾವ ಕೊಳವೆ ಕೆಟ್ಟಿದೆಯೆಂದು ಹುಡುಕಿ ಹೇಳುವಷ್ಟು ಪರಿಣತರಾದರು. 1946ರ ಫೆಬ್ರವರಿಯಲ್ಲಿ ಆ ಯಂತ್ರವನ್ನು ಲೋಕಕ್ಕೆ ತೋರಿಸಿದಾಗ ಎಲ್ಲರನ್ನೂ ಬೆರಗುಗೊಳಿಸಿದ ಲೆಕ್ಕದ ಪ್ರೋಗ್ರಾಮು ಈ ಸ್ತ್ರೀಯರದೇ. ಅಂದು ಅವರ ಹೆಸರನ್ನೆತ್ತಿದವರಿಲ್ಲ. ಗೌರವವು ದೊರೆಯಲು ದಶಕಗಳೇ ಹಿಡಿದುವು. ಗಣಕವಿದ್ಯೆಯು ಹೆಣ್ಣುಮಕ್ಕಳಿಗೆ ಹೇಳಿದುದಲ್ಲವೆನ್ನುವವರು ಈ ಆರು ಮಂದಿಯನ್ನು ನೆನೆಯುವುದು ಒಳ್ಳೆಯದು.

ಈ ನಮ್ಮ ಅಭಿಪ್ರಾಯಕ್ಕೆ ಬರುವ ಆಕ್ಷೇಪಣೆಗಳನ್ನೂ ನಾವು ಕೇಳಿದ್ದೇವೆ. ಗುಂಡಿಗಳ ಸ್ಥಳವು ವರ್ಷವರ್ಷವೂ ಬದಲಾಗುವುದರಿಂದ ಕಲಿತುದು ವ್ಯರ್ಥವೆಂದು ಕೆಲವರು ಹೇಳುವರು. ಟರ್ಬೋ ಸಿ ಹೋಯಿತು, ಬೇರೊಂದು ಬಂದಿತು ಎಂಬುದು ನಿಜವೇ. ಆದರೆ ಬರೆಯುವ ಸ್ಥಳ, ನಡೆಸುವ ಗುಂಡಿ, ಉತ್ತರವು ಮೂಡುವ ಸ್ಥಳ, ದೋಷವನ್ನು ಹೇಳುವ ಸ್ಥಳ ಇವು ಎಲ್ಲದರಲ್ಲಿಯೂ ಇದ್ದೇ ಇರುವುವು. ಒಂದು ಮನೆಯನ್ನು ಚೆನ್ನಾಗಿ ಅರಿತವಳು ಇನ್ನೊಂದರಲ್ಲಿ ಅಡಿಗೆಮನೆಯು ಎಲ್ಲಿದ್ದೀತೆಂದು ಊಹಿಸಬಲ್ಲಳು. ಫೈಲನ್ನು ಉಳಿಸುವ ಗುಂಡಿಗೆ ಎಷ್ಟೋ ಕಡೆ ಇಂದಿಗೂ ಫ್ಲಾಪಿಯ ಚಿತ್ರವೇ ಇದೆ. ಆ ಮೂರೂವರೆ ಅಂಗುಲದ ಫ್ಲಾಪಿಯನ್ನು ಮೊದಲು ಹೊರತಂದ ಸೋನಿ ಕಂಪನಿಯವರೇ 2011ರಲ್ಲಿ ಅದರ ಮಾರಾಟವನ್ನು ನಿಲ್ಲಿಸಿದರು. ನಮ್ಮ ಹುಡುಗಿಯರು ಅದನ್ನು ಕಂಡೇ ಇಲ್ಲ. ಆದರೂ ಒಮ್ಮೆ ಹೇಳಿಕೊಟ್ಟರೆ ಗುರುತಿಸುವರು.

ಇನ್ನು ಕೆಲವರು, ಕೃತಕ ಬುದ್ಧಿಯೇ ಕೋಡನ್ನು ಬರೆದುಕೊಡುವ ಈ ಕಾಲದಲ್ಲಿ ಇದೆಲ್ಲ ಏತಕ್ಕೆಂದು ಕೇಳುವರು. ಆ ಸಹಾಯಕನೂ ಇದೇ ಎಡಿಟರಿನ ಒಂದು ಬದಿಯಲ್ಲಿ ಬಂದು ಕುಳಿತಿದ್ದಾನೆ. ಅವನು ಬರೆದುಕೊಟ್ಟುದು ಯಾವ ಫೈಲಿಗೆ ಸೇರಿತು, ಹಳೆಯದರಲ್ಲಿ ಏನನ್ನು ಬದಲಾಯಿಸಿದನು, ದೋಷವು ಬಂದರೆ ಎಲ್ಲಿ ಬಂದಿತು, ಎಂದು ನೋಡಬೇಕಾದವಳು ಹುಡುಗಿಯೇ. ನೋಡಲರಿಯದವಳು ಅವನು ಕೊಟ್ಟುದನ್ನು ಕಣ್ಣುಮುಚ್ಚಿ ಒಪ್ಪಬೇಕಾಗುವುದು. ಇಷ್ಟೇ ಅಲ್ಲ, ಪರಿಚಯವಿಲ್ಲದವರಿಂದ ಬಂದ ಫೋಲ್ಡರನ್ನು ತೆರೆದಾಗ, ಇದನ್ನು ಬರೆದವರಲ್ಲಿ ನಿಮಗೆ ನಂಬಿಕೆಯುಂಟೆ ಎಂದು ಆ ಎಡಿಟರ್ 2021ರಿಂದ ಈಚೆಗೆ ಕೇಳುವುದುಂಟು. ಹೊರಗಿನವರ ಕೋಡ್ ಯಂತ್ರಕ್ಕೆ ಕೇಡು ಮಾಡಬಹುದೆಂಬುದೇ ಇದಕ್ಕೆ ಕಾರಣ. ಪ್ರಶ್ನೆಯನ್ನು ಓದದೆ ಹೌದೆಂದು ಒತ್ತಿಬಿಡುವ ಕೈಯನ್ನು ತಡೆಯಬೇಕಾದರೆ, ಆ ಪ್ರಶ್ನೆಯ ಅರ್ಥವನ್ನು ಶಾಲೆಯಲ್ಲಿಯೇ ತಿಳಿಸಿರಬೇಕು.

ನಮ್ಮ ಶಾಲೆಯಲ್ಲಿ ಈಗ ಅನುಸರಿಸುತ್ತಿರುವ ಕ್ರಮವು ಹೀಗಿದೆ. ಎಂಟನೆಯ ತರಗತಿಯವರಿಗೆ ಥಾನಿ ಎಂಬ ಸರಳವಾದ ಎಡಿಟರನ್ನು ಕೊಡುತ್ತೇವೆ. ಎಸ್ಟೋನಿಯಾ ದೇಶದ ಟಾರ್ಟು ವಿಶ್ವವಿದ್ಯಾನಿಲಯದಲ್ಲಿ ಹೊಸಬರಿಗೆಂದೇ ರಚಿತವಾದ ಇದರಲ್ಲಿ ಮೇಲೆ ಒಂದೇ ಸಾಲಿನ ಟೂಲ್‌ಬಾರ್, ನಡುವೆ ಬರೆಯುವ ಸ್ಥಳ, ಕೆಳಗೆ ಉತ್ತರದ ಸ್ಥಳ. ಪ್ರೋಗ್ರಾಮನ್ನು ಹೆಜ್ಜೆಹೆಜ್ಜೆಯಾಗಿ ನಡೆಸಿ ನೋಡುವ ಗುಂಡಿಗಳೂ ಆ ಸಾಲಿನಲ್ಲಿಯೇ ಇವೆ. ಒಂಬತ್ತನೆಯ ತರಗತಿಯಲ್ಲಿ ದೊಡ್ಡ ಎಡಿಟರಿಗೆ ಬರುವರು. ಎರಡೂ ಕಡೆಗಳಲ್ಲಿ ಮೊದಲನೆಯ ನಾಲ್ಕು ವಾರ ಪಾಠವೆಂದರೆ ಸ್ಥಳಪರಿಚಯವೇ. ಪರದೆಯ ಚಿತ್ರವನ್ನು ಹುಡುಗಿಯರೇ ಕಾಗದದ ಮೇಲೆ ಬರೆದು, ಭಾಗಗಳಿಗೆ ಕನ್ನಡದಲ್ಲಿ ಹೆಸರಿಡುವರು. ಸ್ಟೇಟಸ್ ಬಾರಿಗೆ ಒಬ್ಬಳು ಇಟ್ಟ "ಸುದ್ದಿಗೆರೆ" ಎಂಬ ಹೆಸರು ಶಾಲೆಯಲ್ಲಿ ನಿಂತುಬಿಟ್ಟಿದೆ. ಬಳಿಕ ಇಬ್ಬಿಬ್ಬರಂತೆ ಕುಳಿತು, ಒಬ್ಬಳು ಪಟ್ಟಿಗಳನ್ನು ಅಡಗಿಸಿ, ಅಕ್ಷರಗಳನ್ನು ಇರುವೆಯಷ್ಟು ಕಿರಿದಾಗಿಸಿ, ಬೇರೆ ಫೋಲ್ಡರನ್ನು ತೆರೆದಿಡುವಳು. ಇನ್ನೊಬ್ಬಳು ಎಲ್ಲವನ್ನೂ ಮೊದಲಿನಂತೆ ಮಾಡಬೇಕು. ಈ ಪಾಠದ ಗಂಟೆಯಲ್ಲಿ ಕೇಳಿಬರುವ ನಗೆಯು ಪಕ್ಕದ ತರಗತಿಗೆ ತೊಂದರೆಯಾಗುವುದೆಂದು ಗಣಿತದ ಉಪಾಧ್ಯಾಯಿನಿಯವರು ದೂರುವುದುಂಟು. ಆದರೆ ತಾನೇ ಕೆಡಿಸಿ ತಾನೇ ಸರಿಪಡಿಸಿದವಳಿಗೆ ಯಂತ್ರದ ಭಯವಿರದು.

ಇದರಿಂದ ಪಾಠಗಳು ಹಿಂದೆ ಬೀಳುವುವೆಂದು ನಾವೂ ಅಂಜಿದ್ದೆವು. ನಾಲ್ಕು ವಾರ ಹಿಂದೆ ಬಿದ್ದುದು ನಿಜ. ಆದರೆ ಮುಂಚೆ, "ಟೀಚರ್, ನನ್ನದು ಹೋಯಿತು" ಎಂದು ಕೂಗುವವರ ಬಳಿಗೆಲ್ಲ ಓಡಾಡುವುದರಲ್ಲಿಯೇ ಕಳೆಯುತ್ತಿದ್ದ ಹೊತ್ತು ಈಗ ಉಳಿದು, ವರ್ಷದ ಕೊನೆಯೊಳಗೆ ಪಾಠಗಳು ಮುಗಿಯುತ್ತಿವೆ. ಈಗ ಹುಡುಗಿಯರು ಕೆಂಪು ಗೆರೆಯನ್ನು ಕಂಡರೆ ಕೈಬಿಡುವುದಿಲ್ಲ. ಎಷ್ಟನೆಯ ಸಾಲೆಂದು ನೋಡಿಕೊಂಡು ಅಲ್ಲಿಗೆ ಹೋಗುವರು.

ತಾಯ್ತಂದೆಗಳಲ್ಲಿ ನಮ್ಮದೊಂದು ವಿನಂತಿ. ಮನೆಯಲ್ಲಿ ಒಂದು ಗಣಕಯಂತ್ರವಿದ್ದರೆ ಅದು ಬಹುಮಟ್ಟಿಗೆ ಅಣ್ಣನ ಅಥವಾ ತಮ್ಮನ ಮೇಜಿನ ಮೇಲೆಯೇ ಇರುವುದನ್ನು ನಾವು ಕಂಡಿದ್ದೇವೆ. ಹುಡುಗನು ಏನೇನೋ ಒತ್ತಿ, ಕೆಡಿಸಿ, ಬೈಸಿಕೊಂಡು, ಸರಿಮಾಡಿ ಕಲಿಯುವನು. ಹುಡುಗಿಗೆ "ಮುಟ್ಟಬೇಡ, ಕೆಟ್ಟೀತು" ಎಂಬ ಮಾತು ಮೊದಲೇ ಕಿವಿಗೆ ಬೀಳುವುದು. ಆಮೇಲೆ ಕಾಲೇಜಿನಲ್ಲಿ ಅವನ ಕೈ ಚುರುಕು, ಇವಳದು ನಿಧಾನ ಎಂದರೆ ಅದು ಬುದ್ಧಿಯ ಭೇದವಲ್ಲ, ಮುಟ್ಟಿದ ಗಂಟೆಗಳ ಭೇದ. ದಿನಕ್ಕೆ ಅರ್ಧ ಗಂಟೆಯಾದರೂ ಮಗಳನ್ನು ಆ ಮೇಜಿನ ಮುಂದೆ ಕೂರಲು ಬಿಡಿರಿ. ಯಂತ್ರವಿಲ್ಲದ ಮನೆಗಳೇ ಹೆಚ್ಚೆಂಬುದನ್ನು ನಾವು ಬಲ್ಲೆವು. ಅಂಥ ಹುಡುಗಿಯರಿಗಾಗಿ ಶನಿವಾರ ಮಧ್ಯಾಹ್ನ ಶಾಲೆಯ ಪ್ರಯೋಗಶಾಲೆಯನ್ನು ತೆರೆದಿಟ್ಟಿದ್ದೇವೆ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಇಂದು ಇದೇ ಕೆಲಸದಲ್ಲಿ ದೊಡ್ಡ ಊರುಗಳಲ್ಲಿದ್ದೀರಿ. ರಜೆಯಲ್ಲಿ ಊರಿಗೆ ಬಂದಾಗ ಒಂದು ಶನಿವಾರವನ್ನು ನಮಗೆ ಕೊಡಿರಿ. ಭಾಷಣ ಬೇಡ. ಒಬ್ಬ ಹುಡುಗಿಯ ಪಕ್ಕದಲ್ಲಿ ಕುಳಿತು, ನಿಮ್ಮ ಪರದೆಯು ಹೇಗಿದೆ, ಯಾವುದನ್ನು ಎಲ್ಲಿಟ್ಟುಕೊಂಡಿದ್ದೀರಿ, ದಾರಿ ತಪ್ಪಿದಾಗ ಏನು ಮಾಡುವಿರಿ, ಎಂದು ತೋರಿಸಿದರೆ ಸಾಕು. ನೀವೂ ಆಗಾಗ ದಾರಿ ತಪ್ಪುವಿರೆಂದು ತಿಳಿದರೇ ಅವಳಿಗೆ ಅರ್ಧ ಧೈರ್ಯ.

ಪ್ರಮಾಣಪತ್ರಕ್ಕಾಗಿ ಬಂದಿದ್ದ ಆ ವಿದ್ಯಾರ್ಥಿನಿಯು ವಾಣಿಜ್ಯದಲ್ಲಿಯೇ ಪದವಿಯನ್ನು ಪಡೆದು, ಒಂದು ಒಳ್ಳೆಯ ಕೆಲಸದಲ್ಲಿದ್ದಾಳೆ. ಅವಳ ವಿಷಯದಲ್ಲಿ ನಮಗೆ ಸಂತೋಷವೇ. ಕಳೆದ ವರ್ಷ ಶಾಲೆಗೆ ಬಂದವಳು ಪ್ರಯೋಗಶಾಲೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಎಂಟನೆಯ ತರಗತಿಯವರು ಪಟ್ಟಿಗಳನ್ನು ಅಡಗಿಸಿ ತೆಗೆಯುವ ಆಟವನ್ನು ನೋಡಿದಳು. ಬಳಿಕ ಒಳಗೆ ಹೋಗಿ, ಅಳುಮೊಗ ಮಾಡಿಕೊಂಡಿದ್ದ ಚಿಕ್ಕವಳೊಬ್ಬಳ ಪಕ್ಕದಲ್ಲಿ ಕುಳಿತು, "ಏನೂ ಹೋಗಿಲ್ಲ ಮಗೂ, ಎಲ್ಲ ಇಲ್ಲೇ ಇದೆ" ಎಂದು ಹೇಳಿ ತೋರಿಸಿಕೊಟ್ಟಳು. ಆ ಮಾತನ್ನು ನಮ್ಮ ಪ್ರತಿಯೊಬ್ಬ ಹುಡುಗಿಯೂ ಶಾಲೆಯನ್ನು ಬಿಡುವ ಮೊದಲೇ ಕೇಳಿರಬೇಕೆಂಬುದು ನಮ್ಮ ಅಪೇಕ್ಷೆ.